ಪಾತ್ರೆಗಳಿಗೆ ಹೆಸರು ಹಾಕಿದ ದಸರೆ

ಹೋದ ತಿಂಗಳು ಹಂಪಾಪುರದಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆವು. ನಮ್ಮವರ ದೂರದ ನೆಂಟರ ಮನೆ. ಮನೆಯ ಯಜಮಾನರು ಗೊತ್ತು, ಸೊಸೆಯನ್ನು ನಾನು ನೋಡಿದ್ದು ಅದೇ ಮೊದಲು. ಬಿಸಿಲಲ್ಲಿ ಬಂದವರೆಂದು ಆ ಹುಡುಗಿ ಒಂದು ತಟ್ಟೆಯಲ್ಲಿ ಬೆಲ್ಲದಚ್ಚು, ಸ್ಟೀಲಿನ ಚೊಂಬಿನಲ್ಲಿ ನೀರು ತಂದುಕೊಟ್ಟಳು. ಹೊಸ ಗೋಡೆಯ ಸುಣ್ಣದ ವಾಸನೆ, ಹೋಮದ ಹೊಗೆ, ಒಳಗೆ ಯಾರೋ ಒಗ್ಗರಣೆ ಹಾಕುತ್ತಿದ್ದ ಸದ್ದು. ನಾನು ಚೊಂಬನ್ನು ಎತ್ತಿ ಕುಡಿಯಬೇಕು, ಅಷ್ಟರಲ್ಲಿ ಹೆಬ್ಬೆರಳಿನ ಕೆಳಗೆ ಸಣ್ಣ ಸಣ್ಣ ಚುಕ್ಕೆಗಳು ತಗುಲಿದವು. ಬೆರಳು ಸರಿಸಿ ನೋಡಿದೆ. ಕಂಠದ ಕೆಳಗೆ ಸಾಲಾಗಿ ‘ಚಿಕ್ಕತಾಯಮ್ಮ’ ಎಂದು ಕೆತ್ತಿತ್ತು. ಹೆಸರಿನ ಕೊನೆಯಲ್ಲಿ ಐದೆಸಳಿನ ಒಂದು ಹೂವು. ಎಸಳುಗಳು ಒಂದು ದೊಡ್ಡದು, ಒಂದು ಚಿಕ್ಕದು.

ಅಕ್ಷರ ನನ್ನದು.

ಪಿರಿಯಾಪಟ್ಟಣದ ಪೇಟೆ ಬೀದಿಯಲ್ಲಿ ನಮ್ಮದೊಂದು ಪಾತ್ರೆ ಅಂಗಡಿ. ಮಾವನವರು ಹಳ್ಳಿಯಿಂದ ಬಂದು ಶುರು ಮಾಡಿದ್ದು. ಹೊಲ ಗದ್ದೆ ಈಗಲೂ ಇದೆ, ಆದರೆ ಅವರ ಜೀವವಿದ್ದದ್ದು ಅಂಗಡಿಯಲ್ಲಿ. ಇಡೀ ತಾಲ್ಲೂಕಿನಲ್ಲಿ ಅವರ ಹೆಸರು ಗೊತ್ತಿರದವರಿಗೂ ಅವರ ಅಕ್ಷರ ಗೊತ್ತಿತ್ತು. ಮದುವೆಗೆ ಉಡುಗೊರೆ ಕೊಡುವವರು ಪಾತ್ರೆ ಕೊಂಡು, ಕೊಟ್ಟವರ ಹೆಸರು ಹಾಕಿಸುವುದು ನಮ್ಮ ಕಡೆಯ ರೂಢಿ. ಬೇರೆ ಅಂಗಡಿಗಳಲ್ಲಿ ಗುಯ್ ಎನ್ನುವ ಕರೆಂಟಿನ ಮೆಷಿನ್ನಿನಲ್ಲಿ ಗೀಚಿಕೊಡುತ್ತಿದ್ದರು. ಮಾವನವರು ಮಾತ್ರ ಬೆರಳುದ್ದದ ಉಳಿ, ಪುಟ್ಟ ಸುತ್ತಿಗೆ ಹಿಡಿದು, ಚುಕ್ಕೆಗೆ ಚುಕ್ಕೆ ಸೇರಿಸಿ ಅಕ್ಷರ ಕೂರಿಸುತ್ತಿದ್ದರು. ಟಿಕ್ ಟಿಕ್ ಟಿಕ್ ಎನ್ನುವ ಆ ಸದ್ದು ಬೀದಿಯ ತುದಿಯವರೆಗೂ ಕೇಳುತ್ತಿತ್ತು.

ಕೊರೋನಾದ ಎರಡು ದಸರೆಗಳು ಮಂಕಾಗಿ ಕಳೆದು, ಮೂರನೆಯದು ಬರುವ ಹೊತ್ತಿಗೆ ಆ ಸದ್ದು ನಿಂತಿತ್ತು. ಕನ್ನಡಕ ಸರಿಯಿಲ್ಲ ಎಂದು ಮಾವನವರು ಹೇಳುತ್ತಿದ್ದರು. ನಾನು ಮನೆಯಲ್ಲೇ ಇರುವವಳು, ಸಣ್ಣಪುಟ್ಟದ್ದು ಕಣ್ಣಿಗೆ ಬೀಳುತ್ತದೆ. ಕಾಫಿ ಲೋಟವನ್ನು ಅವರು ಎರಡು ಕೈಯಲ್ಲಿ ಹಿಡಿಯಲು ಶುರು ಮಾಡಿದ್ದರು. ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಬಾಗಿಲು ಮುಚ್ಚಿಕೊಳ್ಳುತ್ತಿದ್ದರು. ಹೆಸರು ಹಾಕಿಸಲು ಬಂದವರಿಗೆ ‘ನಾಳೆ ಬನ್ನಿ’ ಎಂದು ಹೇಳಿ, ಮಗನ ಕೈಯಲ್ಲಿ ಮೆಷಿನ್ ಹಿಡಿಸುತ್ತಿದ್ದರು. ನಮ್ಮವರ ಅಕ್ಷರವೋ, ಡಾಕ್ಟರ ಚೀಟಿಯೇ ಅದಕ್ಕಿಂತ ವಾಸಿ.

ಆಗಲೇ ಮೈಸೂರಿನ ಒಬ್ಬರು ಮೊಬೈಲ್ ಅಂಗಡಿಗೆ ಜಾಗ ಕೇಳಿಕೊಂಡು ಬಂದದ್ದು. ನಮ್ಮವರು ರಾತ್ರಿ ಊಟದ ಹೊತ್ತಿಗೆ ನನಗಷ್ಟೇ ಕೇಳುವಂತೆ ಹೇಳಿದರು: “ಅಪ್ಪನ ಕೈಲಾಗ್ತಿಲ್ಲ, ನಂಗೆ ಬರಲ್ಲ. ಮಾಮೂಲಿ ಪಾತ್ರೆ ಬೇಕಾದೋರು ಮೈಸೂರಿಗೇ ಹೋಗ್ತಾರೆ. ಈ ದಸರಾ ದೀಪಾವಳಿ ನೋಡ್ತೀನಿ ಕಣೇ. ಆಮೇಲೆ ಕೊಟ್ಬಿಡೋದೇ. ಅಪ್ಪಂಗೂ ಹೇಳಿದೀನಿ.”

“ಏನಂದ್ರು?”

“ಸರಿ ಕಣಪ್ಪ ಅಂದ್ರು.”

ಮಾವನವರು ‘ಸರಿ ಕಣಪ್ಪ’ ಎಂದರೆ ಒಳಗೆ ಏನೋ ಕುಸಿದಿದೆ ಎಂದು ಅರ್ಥ. ಅಂದಿನಿಂದ ಅವರು ಬೆಳಿಗ್ಗೆ ಅಂಗಡಿಗೆ ಅರ್ಧ ಗಂಟೆ ಬೇಗ ಹೋಗತೊಡಗಿದರು. ಯಾರೂ ಮುಟ್ಟದ ಕೊಳದಪ್ಪಲೆಗಳನ್ನು ಕೆಳಗಿಳಿಸಿ ಒರೆಸಿ ಮತ್ತೆ ಮೇಲಿಡುತ್ತಿದ್ದರು.

ಇಷ್ಟರ ನಡುವೆ ಪೇಟೆಯಲ್ಲಿ ಗಡಿಬಿಡಿ. ಹೊಗೆಸೊಪ್ಪಿನ ಹರಾಜು ಶುರುವಾಗಿ, ಬೇಲುಗಳನ್ನು ಹೇರಿಕೊಂಡ ಟ್ರ್ಯಾಕ್ಟರುಗಳು ಬೀದಿಯಲ್ಲಿ ಹಾದುಹೋದರೆ ಗಾಳಿಯಲ್ಲಿ ಒಂದು ಸಿಹಿಯಾದ ಘಾಟು ನಿಲ್ಲುತ್ತಿತ್ತು. ಆ ವಾಸನೆ ಬಂತೆಂದರೆ ನಮ್ಮೂರಿಗೆ ಹಬ್ಬ ಬಂತು ಎಂದೇ ಲೆಕ್ಕ. ಎರಡು ವರ್ಷ ಸುಮ್ಮನಿದ್ದ ವರ್ತಕರು ಸೇರಿ, ಈ ಸಲ ದಸರೆಯಿಂದ ಕ್ರಿಸ್‌ಮಸ್‌ವರೆಗಿನ ಅಂಗಡಿಗಳ ಸುದ್ದಿ ಸಮಾಚಾರವನ್ನೆಲ್ಲ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ, ಪೇಪರಿನ ಜೊತೆ ಊರೂರಿಗೆ ಹಂಚಬೇಕೆಂದು ತೀರ್ಮಾನಿಸಿದರು. ಮುಂದಾಳು ಬಟ್ಟೆ ಅಂಗಡಿ ಪುಟ್ಟಸ್ವಾಮಿ. ಒಂದು ಸಂಜೆ ಮನೆಗೇ ಬಂದು ಜಗುಲಿಯಲ್ಲಿ ಕೂತರು.

“ವಾಟ್ಸಾಪ್‌ನಾಗೆ ಹಾಕುದ್ರೆ ಜನ ಗುಡ್ ಮಾರ್ನಿಂಗ್ ಜೊತ್ಗೆ ಅದ್ನೂ ಅಳಿಸಿ ಬುಡ್ತಾರೆ ಕಣಣ್ಣ,” ಎಂದರು ಮಾವನವರಿಗೆ. “ಕಾಗ್ದ ಬೇಕು. ಅದೂ ಕೈಬರಹದ್ದಾಗಿರ್ಬೇಕು, ಮದ್ವೆಗೆ ಕರ್ಯೋ ಅಂಗೆ. ನಿಮ್ ಸೊಸೆ ಕಾನ್ವೆಂಟಲ್ಲಿ ಓದಿರೋರು. ದಿನಸಿ ಚೀಟಿ ಬರ್ದು ಕಳ್ಸುದ್ರೂ ಸೆಟ್ರು ಅದ್ನ ಎಸೆಯಲ್ವಂತೆ, ಗ್ವಾಡೆಗೆ ಅಂಟಿಸ್ಕೊಂಡವ್ರೆ!”

“ಅಂಟಿಸ್ಕೊಂಡಿರೋದು ನಮ್ ಹಳೇ ಬಾಕಿ ನೆನಪಿರ್ಲಿ ಅಂತ,” ಎಂದರು ಒಳಗಿನಿಂದ ನಮ್ಮವರು.

ಎಲ್ಲರೂ ನಕ್ಕರು. ಮಾವನವರು ನನ್ನ ಕಡೆ ನೋಡಿ, “ಬರ್ಕೊಡು ಮಗಾ. ಅಕ್ಷರ ಇದ್ದೋರು ಬರೀಬೇಕು,” ಎಂದರು.

ಹುಣಸೂರಿನ ಕಾನ್ವೆಂಟಿನಲ್ಲಿ ಕನ್ನಡ ಕಲಿಸುತ್ತಿದ್ದ ಸಿಸ್ಟರ್ ಒಬ್ಬರಿದ್ದರು. ಅಕ್ಷರಕ್ಕೆ ತಲೆಕಟ್ಟು ಬೇಲಿಯ ಹಾಗೆ ನೇರವಿರಬೇಕು, ಹೊಟ್ಟೆ ಮಡಕೆಯ ಹಾಗೆ ದುಂಡಗಿರಬೇಕು ಎನ್ನುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ಮಾರ್ಜಿನ್ ದಾಟಬಾರದು. ದಾಟಿದರೆ ಇಡೀ ಪುಟ ಮತ್ತೆ ಬರೆಯಬೇಕು. ಆ ಭಯ ಇವತ್ತಿಗೂ ನನ್ನ ಬೆರಳಲ್ಲಿದೆ.

ಅಂಗಡಿಯವರೆಲ್ಲ ತಮ್ಮ ತಮ್ಮ ಸುದ್ದಿಯನ್ನು ಚೀಟಿಯಲ್ಲಿ ಬರೆದು ಕಳಿಸಿದರು. ಎರಡು ಮಧ್ಯಾಹ್ನ ಕೂತು ಅವನ್ನೆಲ್ಲ ಒಂದು ಹಾಳೆಗೆ ಇಳಿಸಿದೆ. ನವರಾತ್ರಿಯ ಒಂಬತ್ತು ಸಂಜೆಯೂ ಪೇಟೆ ಬೀದಿಗೆ ದೀಪದಲಂಕಾರ. ಗೊಂಬೆ ಕೂರಿಸಿದ ಮನೆಯವರು ಬಟ್ಟೆ ಅಂಗಡಿಯಲ್ಲಿ ಹೆಸರು ಕೊಟ್ಟರೆ ಬಂದು ನೋಡಿ ಬಹುಮಾನ. ಚಪ್ಪಲಿ ಅಂಗಡಿ ಬಸ್‌ಸ್ಟ್ಯಾಂಡಿನ ಎದುರಿನಿಂದ ಹಿಂದಿನ ಬೀದಿಗೆ ಬದಲಾಗಿದೆ, ಗಿರಾಕಿಗಳು ಹುಡುಕಿ ಬೇಸರಪಡಬಾರದು. ಆಯುಧಪೂಜೆಯ ದಿನ ಮಧ್ಯಾಹ್ನದ ಮೇಲೆ ಅಂಗಡಿಗಳಿರುವುದಿಲ್ಲ. ಪಟಾಕಿ ಮಳಿಗೆ ಊರ ಹೊರಗಿನ ಮೈದಾನದಲ್ಲಿ ಮಾತ್ರ. ಕ್ರಿಸ್‌ಮಸ್ ಕೇಕು ಬೇಕಾದವರು ಬೇಕರಿಯಲ್ಲಿ ಮೊದಲೇ ಹೇಳಿಡುವುದು. ಇವೆಲ್ಲ ಆದ ಮೇಲೆ ಕೊನೆಯ ಸಾಲು ನಮ್ಮದು. ನಮ್ಮದನ್ನು ಮೊದಲು ಹಾಕಿಕೊಳ್ಳುವುದು ಸರಿಯಲ್ಲವೆಂದು ಕೊನೆಗೆ ಇಟ್ಟಿದ್ದೆ. ನಮ್ಮವರು ಬರೆದುಕೊಟ್ಟಿದ್ದು ಹೀಗೆ: ‘ನಮ್ಮಲ್ಲಿ ಕೊಂಡ ಪಾತ್ರೆಗಳಿಗೆ ದೀಪಾವಳಿಯವರೆಗೆ ಹೆಸರು ಉಚಿತವಾಗಿ ಹಾಕಿಕೊಡಲಾಗುವುದು.’

ಹಾಳೆಯಲ್ಲಿ ಉಳಿದದ್ದು ಒಂದೇ ಸಾಲಿನ ಜಾಗ. ಎರಡು ಪದ ಮಾರ್ಜಿನ್ ದಾಟುತ್ತಿದ್ದವು. ‘ನಮ್ಮಲ್ಲಿ ಕೊಂಡ’ ಎಂಬುದನ್ನು ಬಿಟ್ಟೆ. ನಮ್ಮ ಅಂಗಡಿಯ ಹೆಸರಿನ ಕೆಳಗೇ ಇದೆಯಲ್ಲ, ಬೇರೆ ಹೇಗೆ ಅರ್ಥವಾದೀತು ಎಂದುಕೊಂಡೆ. ಸಾಲು ಎಷ್ಟು ಅಚ್ಚುಕಟ್ಟಾಗಿ ಕೂತಿತೆಂದರೆ, ಸಿಸ್ಟರ್ ನೋಡಿದ್ದರೆ ಬೆನ್ನು ತಟ್ಟುತ್ತಿದ್ದರು.

ನವರಾತ್ರಿಯ ಮೊದಲನೆಯ ದಿನ ಪೇಪರಿನ ಜೊತೆ ಹಾಳೆ ಊರೂರಿಗೆ ಹೋಯಿತು. ನಾನು ಗೊಂಬೆಗಳ ಪೆಟ್ಟಿಗೆ ಬಿಚ್ಚಿ, ಪಟ್ಟದ ಗೊಂಬೆಗೆ ರೇಷ್ಮೆ ಸುತ್ತುತ್ತಿದ್ದೆ. ಹತ್ತೂವರೆಗೆ ಫೋನು ಬಂತು.

“ಏನೇ ಬರ್ದಿದೀಯ ನೀನು?” ನಮ್ಮವರ ದನಿಯ ಹಿಂದೆ ಸಂತೆಯಂಥ ಗಲಾಟೆ. “ಅಂಗಡಿ ಮುಂದೆ ಬಂದು ನೋಡು ಒಂದ್ಸಲ.”

ಸೆರಗು ಸರಿಮಾಡಿಕೊಂಡು ಓಡಿದೆ. ಬಸ್‌ಸ್ಟ್ಯಾಂಡಿನಿಂದ ನಮ್ಮ ಅಂಗಡಿಯವರೆಗೆ ಹೆಂಗಸರು. ಒಬ್ಬರ ಕೈಯಲ್ಲಿ ಗೋಣಿಚೀಲ, ಒಬ್ಬರ ತಲೆಯ ಮೇಲೆ ಕೊಳಗ, ಇನ್ನೊಬ್ಬರ ಕಂಕುಳಲ್ಲಿ ಇಡ್ಲಿ ಪಾತ್ರೆ. ಎಲ್ಲ ಹಳೆಯವು. ಮನೆಯಲ್ಲಿದ್ದ ಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ಬೆಳಗಿಕೊಂಡು, ಹಬ್ಬಕ್ಕೆ ಮಕ್ಕಳನ್ನು ತೊಳೆದು ಕರೆತಂದ ಹಾಗೆ ತಂದಿದ್ದರು. ಪೇಪರಿನಲ್ಲಿ ಬಂದಿದೆಯಲ್ಲ, ಪಾತ್ರೆಗಳಿಗೆ ಹೆಸರು ಉಚಿತ ಎಂದು.

ಆ ಎರಡು ಪದಗಳು ಅಲ್ಲೇ ಕಣ್ಣೆದುರಿಗೆ ಬಂದು ನಿಂತವು.

“ತಪ್ಪಾಗಿ ಅಚ್ಚಾಗಿದೆ ಅಂತ ಹೇಳ್ಬಿಡ್ತೀನಿ,” ಎಂದರು ನಮ್ಮವರು. ಬೈಯಲಿಲ್ಲ, ಬೈದಿದ್ದರೇ ವಾಸಿಯಿತ್ತು. “ಮೆಷಿನ್ನಲ್ಲಿ ಮಾಡುದ್ರೂ ಮುಗಿಯಲ್ಲ ಇದು.”

ಮಾವನವರು ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದರು. “ಬುಡಪ್ಪ. ಬಸ್ ಅತ್ಕೊಂಡು ಬಂದವ್ರೆ. ಎಂಗಸ್ರು ಪಾತ್ರೆ ಬೆಳಗ್ಕೊಂಡು ಬಂದವ್ರೆ. ತಪ್ಪಾಗದೆ ಅಂತ ಎಂಗ್ ಕಳ್ಸೀಯ? ಅಂಗಡಿ ಇನ್ನೊಂದ್ ತಿಂಗ್ಳು ಇದ್ರೂ ಅಂಗಡಿ ತಾನೆ.”

ಆ ಕೊನೆಯ ಮಾತಿಗೆ ನಮ್ಮವರು ತಲೆ ತಗ್ಗಿಸಿದರು.

ಮಾವನವರು ಚಾಪೆ ಹಾಸಿ, ಮರದ ದಿಮ್ಮಿ ತೊಡೆಯ ಮುಂದಿಟ್ಟುಕೊಂಡು, ಬಹಳ ದಿನಗಳ ಮೇಲೆ ಉಳಿಯ ಡಬ್ಬಿ ತೆಗೆದರು. ಸಾಲಿನಲ್ಲಿ ಮೊದಲು ನಿಂತಿದ್ದವರು ಕಂಪಲಾಪುರದ ಒಬ್ಬ ಹೆಂಗಸು. ಐವತ್ತರ ಆಸುಪಾಸು, ಹೊಗೆಸೊಪ್ಪು ಕಟ್ಟಿ ಕಟ್ಟಿ ಅಂಟು ಹಿಡಿದು ಕಪ್ಪಾದ ಬೆರಳುಗಳು. ಒಂದೇ ಒಂದು ಚೊಂಬು ತಂದಿದ್ದರು.

“ಯಾರ್ ಎಸ್ರವ್ವ ಆಕ್ಬೇಕು? ಯಜಮಾನ್ರುದಾ?” ಮಾವನವರು ಕೇಳಿದರು.

“ಅವ್ರುದ್ಯಾಕೆ? ಕೊಡ ನೋಡುದ್ರೆ ಅವ್ರೆಸ್ರು, ಕೊಳ್ಗ ನೋಡುದ್ರೆ ಅವ್ರೆಸ್ರು, ಟ್ರ್ಯಾಕ್ಟ್ರು ಮ್ಯಾಲೂ ಅವ್ರೆಸ್ರು. ನನ್ನೆಸ್ರು ರೇಸನ್ ಕಾರ್ಡ್ ಬುಟ್ರೆ ಇನ್ನೆಲ್ಲೂ ಇಲ್ಲ. ಚಿಕ್ಕತಾಯಮ್ಮ ಅಂತ ಆಕಣ್ಣ. ಇದು ನಮ್ಮವ್ವ ಕೊಟ್ಟ ಚೊಂಬು.”

ಹಿಂದಿನಿಂದ ಯಾರೋ ಛೇಡಿಸಿದರು: “ಯಜಮಾನ್ರು ಆ ಚೊಂಬಲ್ಲಿ ನೀರ್ ಕುಡಿಯೋಕೆ ಇನ್ಮ್ಯಾಕೆ ನಿನ್ನೇ ಕೇಳ್ಬೇಕು ಬುಡು!”

“ಕೇಳ್ಲಿ! ಮೂವತ್ ವರ್ಸ ನಾನ್ ಕೇಳ್ಲಿಲ್ವಾ?”

ಬೀದಿಯೆಲ್ಲ ನಕ್ಕಿತು. ಮಾವನವರೂ ನಕ್ಕರು. ನಗುತ್ತಲೇ ಉಳಿಯನ್ನು ಚೊಂಬಿನ ಮೇಲಿಟ್ಟರು. ಉಳಿ ನಿಲ್ಲಲಿಲ್ಲ. ಸ್ಟೀಲಿನ ಮೇಲೆ ಅದರ ತುದಿ ಕಿರಿಕಿರಿ ಎಂದು ಕುಣಿಯಿತು. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಒತ್ತಿ ಹಿಡಿದರು, ಮತ್ತೆ ಇಟ್ಟರು. ಮತ್ತೆ ಕುಣಿಯಿತು. ನಗು ಒಂದೊಂದೇ ಬಾಯಿಯಲ್ಲಿ ಆರುತ್ತಾ ಬಂತು. ನಮ್ಮವರು ಬೇರೆ ಕಡೆ ಮುಖ ತಿರುಗಿಸಿದರು. ಮಾವನವರ ಕಿವಿ ಕೆಂಪಾಗಿತ್ತು. ಅಷ್ಟು ತಿಂಗಳು ಬಾಗಿಲು ಮುಚ್ಚಿ ಕಾಪಾಡಿಕೊಂಡಿದ್ದು ಈಗ ಬೀದಿಗೆ ಬಿದ್ದಿತ್ತು, ನನ್ನ ಎರಡು ಪದಗಳಿಂದ.

ನಾನು ಯಾವತ್ತೂ ಅಂಗಡಿಯ ಚಾಪೆಯ ಮೇಲೆ ಕೂತವಳಲ್ಲ. ಬುತ್ತಿ ತಂದರೂ ಮೆಟ್ಟಿಲ ಮೇಲಿಟ್ಟು ಹೋಗುತ್ತಿದ್ದೆ. ಅವತ್ತು ಹೇಗೆ ಕೂತೆನೋ ತಿಳಿಯದು. ಅವರ ಪಕ್ಕ ಕೂತು, “ಮಾವ, ನಾನು ಬರೀಲಾ?” ಎಂದೆ.

ಅವರು ನನ್ನನ್ನೇ ನೋಡಿದರು. ಆಮೇಲೆ ಉಳಿ ಕೊಟ್ಟರು.

“ಮೊದ್ಲು ಪೆನ್ನಲ್ಲಿ ಬರ್ಕೋ ಮಗಾ. ಆಮೇಲೆ ಚುಕ್ಕೆ ಮ್ಯಾಲೆ ಚುಕ್ಕೆ ಬರ್ಲಿ. ಒಡೀಬ್ಯಾಡ, ಬರೇ ಮುಟ್ಟುಸ್ಬೇಕು. ಉಳಿ ನೆಟ್ಟಗೆ ಇಡ್ಕೊ. ಆಂ, ಅಂಗೆ.”

ಟಿಕ್. ಟಿಕ್. ಕಾಪಿ ಪುಸ್ತಕದ ಎರಡು ಗೆರೆಗಳನ್ನು ಚೊಂಬಿನ ಹೊಟ್ಟೆಯ ಮೇಲೆ ಮನಸ್ಸಿನಲ್ಲೇ ಎಳೆದುಕೊಂಡು ಹೊರಟೆ. ಚಿ ಬಂತು, ಕ್ಕ ಬಂತು. ಬೆವರು ಹುಬ್ಬಿನಿಂದ ಇಳಿಯುತ್ತಿತ್ತು. ಚಿಕ್ಕತಾಯಮ್ಮ ನನ್ನ ತಲೆಯ ಮೇಲೆ ಬಗ್ಗಿ ಉಸಿರು ಬಿಗಿಹಿಡಿದಿದ್ದರು. ಕೊನೆಯ ಅಕ್ಷರ ಮುಗಿಯಿತು, ಇನ್ನೇನು ಎತ್ತಬೇಕು, ಉಳಿ ಜಾರಿತು. ಹೆಸರಿನ ಪಕ್ಕದಲ್ಲಿ ಉಗುರುದ್ದದ ಒಂದು ಗೀರು.

“ಅಯ್ಯೋ,” ಎಂದೆ. ಅವರ ಅವ್ವ ಕೊಟ್ಟ ಚೊಂಬು! ನನಗೆ ಅಳುವೇ ಬಂತು.

ಮಾವನವರು ನನ್ನ ಕೈಯಿಂದ ಉಳಿ ತೆಗೆದುಕೊಂಡರು. ಗೀರಿನ ಮೇಲೆ ಇಟ್ಟರು. ಕೈ ನಡುಗಿತು. ನಡುಗಿದಲ್ಲೇ ಒಂದು ಏಟು ಹಾಕಿದರು. ಪಕ್ಕದಲ್ಲಿ ಇನ್ನೊಂದು, ಸುತ್ತ ಮತ್ತೆ ಕೆಲವು. ಉಳಿ ಕುಣಿದ ಕಡೆಗೆಲ್ಲ ಅವರೂ ಹೋದರು. ನೋಡುತ್ತಾ ನೋಡುತ್ತಾ ಗೀರು ಒಂದು ದಂಟಾಯಿತು, ಅದರ ತುದಿಗೆ ಐದು ಎಸಳು ಬಂದವು, ಒಂದರಂತೆ ಒಂದಿಲ್ಲ.

ಅವರು ಅದನ್ನು ಬೆಳಕಿಗೆ ಹಿಡಿದು ನೋಡಿದರು. “ಅಕ್ಷರ ನಡುಗುಬಾರ್ದು ಮಗಾ,” ಎಂದರು ಮೆಲ್ಲಗೆ. “ಊವು ನಡುಗುದ್ರೂ ಊವೇ.”

ಚಿಕ್ಕತಾಯಮ್ಮ ಚೊಂಬನ್ನು ಕಸಿದುಕೊಂಡು ಸೆರಗಿನಲ್ಲಿ ಒರೆಸಿ, ಹಿಂದಿದ್ದವರಿಗೆಲ್ಲ ಎತ್ತಿ ತೋರಿಸಿದರು. ಓದಲು ಬಾರದವರು ಅವರು, ಹೆಸರಿನ ಮೇಲೆ ಬೆರಳಾಡಿಸಿ ಕೊನೆಗೆ ಹೂವಿನ ಮೇಲೆ ಬೆರಳು ನಿಲ್ಲಿಸಿದರು. ಸಾಲಿನಲ್ಲಿದ್ದ ಎರಡನೆಯವರು ಮುಂದೆ ಬಂದವರೇ ಹೇಳಿದರು: “ಅಣ್ಣೋ, ನಂಗೂ ಊವು ಬೇಕು. ಅವ್ಳಿಗೆ ಮಾತ್ರ ಆಕಿ ನಂಗಿಲ್ಲ ಅನ್ಬ್ಯಾಡ.”

ಆಮೇಲೆ ದೀಪಾವಳಿಯವರೆಗೆ ನಡೆದದ್ದು ಇಷ್ಟೇ: ಅಕ್ಷರ ನಾನು, ಹೂವು ಮಾವನವರು. ಬೆಳಿಗ್ಗೆ ಅಡುಗೆ ಮುಗಿಸಿ ಹೋಗಿ ಚಾಪೆಯ ಮೇಲೆ ಕೂತರೆ ಸಂಜೆ ಗೊಂಬೆ ಆರತಿಗೆ ಎದ್ದು ಬರುತ್ತಿದ್ದೆ. ಆ ವರ್ಷ ನಮ್ಮ ಗೊಂಬೆಗಳು ಮೂರೇ ಮೆಟ್ಟಿಲಿಗೆ ತೃಪ್ತಿಪಟ್ಟವು. ಗೊಂಬೆ ನೋಡಲು ಬಂದ ಮಕ್ಕಳಿಗೆ ಕೊಡಲು ಚಕ್ಕುಲಿ ಮಾಡಲಾಗದೆ ಬೇಕರಿಯಿಂದ ತಂದೆ. ಮಕ್ಕಳಿಗೆ ಅದೇ ಹೆಚ್ಚು ಇಷ್ಟವಾಯಿತು ಎಂಬುದು ಬೇರೆ ಮಾತು.

ಎಂಥೆಂಥ ಹೆಸರುಗಳು! ಸಣ್ಣಮ್ಮ, ಕೆಂಪಮ್ಮ, ಪುಟ್ಟಮಾದಮ್ಮ, ಬೋರಮ್ಮ. ಗಂಡನ ಮನೆಯಲ್ಲಿ ಯಾರೂ ಕರೆಯದ ಹೆಸರನ್ನು ಕಿವಿಯಲ್ಲಿ ಹೇಳಿ ಹಾಕಿಸಿಕೊಂಡವರಿದ್ದರು. ಕುಶಾಲನಗರದ ಕಡೆಯಿಂದ ಬಂದ ಕೊಡವರ ಅಜ್ಜಿಯೊಬ್ಬರು ಕಡುಬಿನ ಪಾತ್ರೆಗೆ ತೌರಿನ ಮನೆತನದ ಹೆಸರು ಹಾಕಿಸಿದರು. ಚಳಿಗಾಲಕ್ಕೆ ಸ್ವೆಟರ್ ಮಾರುವ ಬೈಲಕುಪ್ಪೆಯ ಟಿಬೆಟನ್ ಅಮ್ಮ ತನ್ನ ಟೀ ಫ್ಲಾಸ್ಕನ್ನು ತಂದು, “ಕನ್ನಡದಲ್ಲೇ ಬರೀರಿ ಅಕ್ಕಾ, ಆಗ ಯಾರೂ ಕದಿಯಲ್ಲ,” ಎಂದರು. ಯಾಕೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಹೆಸರು ಹಾಕಿಸಲು ಬಂದವರಲ್ಲಿ ಕೆಲವರು ಒಂದು ಸೌಟೋ ತಟ್ಟೆಯೋ ಕೊಂಡರು, ಕೆಲವರು ಏನೂ ಕೊಳ್ಳದೆ ಮನೆಯ ಅವರೆಕಾಯಿ ಸುರಿದು ಹೋದರು.

ಆಯುಧಪೂಜೆಯ ದಿನ ಮಾವನವರು ಉಳಿ ಸುತ್ತಿಗೆಗಳನ್ನು ತೊಳೆದು, ಅರಿಶಿನ ಕುಂಕುಮವಿಟ್ಟು, ಚೆಂಡು ಹೂವಿನಡಿ ಕೂರಿಸಿದರು. ಪೂಜೆಗಿಟ್ಟದ್ದನ್ನು ಅವತ್ತು ಮುಟ್ಟುವ ಹಾಗಿಲ್ಲ. ಮರುದಿನ ಬೆಳಿಗ್ಗೆ ಅವರೇ ಅದನ್ನು ಎತ್ತಿ, ಕುಂಕುಮ ಒರೆಸದೆ ನನ್ನ ಕೈಗೆ ಕೊಟ್ಟರು. ಮನೆಯಲ್ಲಿ ಮಗನಿದ್ದ, ಅಂಗಡಿ ಮಗನದ್ದೇ. ಆದರೂ ಉಳಿಯನ್ನು ನನಗೆ ಕೊಟ್ಟರು. ನಮ್ಮವರು ಪಕ್ಕದಲ್ಲೇ ನಿಂತಿದ್ದರು. “ನಂಗೆ ಕೊಟ್ರೆ ಊರಿನ ಪಾತ್ರೆನೆಲ್ಲ ಹಾಳ್ಮಾಡ್ತೀನಿ ಅಂತ ಅಪ್ಪಂಗೆ ಗೊತ್ತು ಬಿಡು,” ಎಂದು ನಕ್ಕರು. ಆ ನಗುವಿಗೆ ನಾನು ಯಾವತ್ತೂ ಋಣಿ. ಬೇರೆ ಗಂಡಸರಾಗಿದ್ದರೆ ಮುಖ ಊದಿಸುತ್ತಿದ್ದರು.

ಬಲಿಪಾಡ್ಯಮಿ ಕಳೆದ ಮೂರನೆಯ ದಿನ ಮೈಸೂರಿನ ಮೊಬೈಲಿನವರು ಬಂದರು. ಒಳಗೆ ಬರಲು ಜಾಗವಿರಲಿಲ್ಲ. ದೀಪಾವಳಿಗೆ ಮುಗಿಯಬೇಕಿದ್ದ ಹೆಸರುಗಳು ಮುಗಿದಿರಲಿಲ್ಲ, ಚಾಪೆಯ ಸುತ್ತ ಹೆಂಗಸರು ಕೂತು ಮದುವೆ ಮಾತು ಆಡುತ್ತಿದ್ದರು. ಅವರು ಬಾಗಿಲಲ್ಲೇ ನಿಂತು ನಮ್ಮವರನ್ನು ಕೇಳಿದರು: “ಏನ್ ಯೋಚ್ನೆ ಮಾಡಿದ್ರಿ ಸಾರ್?”

ಟಿಕ್ ಟಿಕ್ ನಿಂತಿತು. ನನ್ನ ಕೈಯೇ ನಿಂತದ್ದು. ಮಾವನವರು ಮಾತ್ರ ತಲೆ ಎತ್ತದೆ ಒಂದು ಎಸಳಿಗೆ ಚುಕ್ಕೆ ಹಾಕುತ್ತಿದ್ದರು, ಬಹಳ ನಿಧಾನವಾಗಿ.

ನಮ್ಮವರು ಅಂಗಡಿಯನ್ನು ಈ ಗೋಡೆಯಿಂದ ಆ ಗೋಡೆಯವರೆಗೆ ನೋಡಿದರು. “ಎಡಗಡೆ ಅರ್ಧ ಬೇಕಾದ್ರೆ ತಗೊಳಿ,” ಎಂದರು. “ಬಲಗಡೆ ಬರಲ್ಲ. ಅಲ್ಲಿ ನಮ್ಮಪ್ಪ, ನನ್ ಹೆಂಡ್ತಿ ಕೆಲ್ಸ ಮಾಡ್ತಾರೆ.”

ಮಾವನವರು ಆಗ ತಲೆ ಎತ್ತಿ, ನಮ್ಮ ಯಾರನ್ನೂ ನೋಡದೆ, ಎದುರಿಗಿದ್ದ ಹೆಂಗಸನ್ನು ಕೇಳಿದರು: “ಯಾವೂರಂದ್ರಿ ತಾಯಿ?”

ಡಿಸೆಂಬರಿನಲ್ಲಿ ಪುಟ್ಟಸ್ವಾಮಿಯವರು ಎರಡನೆಯ ಹಾಳೆ ಬರೆಸಿದರು. ಕೇಕಿನ ಸುದ್ದಿ, ಸಂಕ್ರಾಂತಿಯ ಎಳ್ಳು ಬೆಲ್ಲದ ಸುದ್ದಿ. ಕೊನೆಯಲ್ಲಿ ನಮ್ಮ ಸಾಲು ಬಂದಾಗ, “ಈ ಸಲ ಎಲ್ಡು ಪದ ಮರೀಬ್ಯಾಡಿ ಸುನೀತಮ್ಮ,” ಎಂದರು. ಮಾವನವರು ಅಡ್ಡಬಂದರು: “ಅದು ಅಂಗೇ ಇರ್ಲಿ.” ಇವತ್ತಿಗೂ ಅದು ಹಾಗೇ ಇದೆ.

ಮಾವನವರು ಹೋಗಿ ಒಂದೂವರೆ ವರ್ಷವಾಯಿತು. ಈಗ ಅಂಗಡಿಯ ಎಡಗಡೆ ಮೊಬೈಲು, ಬಲಗಡೆ ಪಾತ್ರೆ. ಹೆಸರು ನಾನು ಹಾಕುತ್ತೇನೆ. ಹೂವು ಹಾಕುವುದಿಲ್ಲ. ಹಾಕಲು ನೋಡಿದೆ, ಐದು ಎಸಳೂ ಒಂದೇ ಅಳತೆಗೆ ಬರುತ್ತವೆ. ಕಾನ್ವೆಂಟಿನ ಕೈ ಅದು, ಏನು ಮಾಡಿದರೂ ನಡುಗಲು ಒಪ್ಪುವುದಿಲ್ಲ.

ಹಂಪಾಪುರದ ಆ ಹುಡುಗಿ ನಾನು ಚೊಂಬು ತಿರುಗಿಸಿ ತಿರುಗಿಸಿ ನೋಡುತ್ತಿರುವುದನ್ನು ಕಂಡು ಹತ್ತಿರ ಬಂದಳು. “ಅದು ನಮ್ಮವ್ವನ ಎಸ್ರು ಆಂಟಿ. ಕಂಪಲಾಪುರದೋರು. ಮದ್ವೇಲಿ ನಂಗೆ ಬೇರೆ ಏನ್ ಕೊಟ್ರೋ ಬುಟ್ರೋ, ಇದ್ನ ಮಾತ್ರ ಕೈಯಲ್ಲೇ ಇಡ್ಕೊಂಡು ಬಂದು ಕೊಟ್ರು. ಪಿರಿಯಾಪಟ್ಟಣದಲ್ಲಿ ಯಾರೋ ಹಾಕಿದ್ದಂತೆ. ಊವು ನೋಡಿ, ಎಷ್ಟ್ ಚೆನ್ನಾಗದೆ.”

“ಹೌದಮ್ಮ,” ಎಂದೆ. “ಹೂವು ಬಹಳ ಚೆನ್ನಾಗಿದೆ.”

ನೀರು ಕುಡಿದು ಚೊಂಬು ಕೊಟ್ಟೆ. ಅವಳು ಒಳಗೆ ಹೋಗುತ್ತಿದ್ದಾಗ ಮನಸ್ಸು ತಡೆಯಲಿಲ್ಲ. ಬಾಯಾರಿಕೆ ಏನೂ ಇರಲಿಲ್ಲ. ಆದರೂ ಕರೆದು, “ಇನ್ನೊಂದು ಚೊಂಬು ನೀರು ಕೊಡ್ತೀಯಾ ಮಗಾ? ಅದೇ ಚೊಂಬಲ್ಲಿ,” ಎಂದೆ.